ಕಂಬ ಮುರಿದ ಹಡಗು

ಇಸಾಕು ಉಮೆಹಾರಾ ಇಪ್ಪತ್ಮೂರು ವರ್ಷ ಮೀನು ಹಿಡಿಯುವ ಹಡಗಿನಲ್ಲಿ ಅಡುಗೆ ಮಾಡಿದವನು. ಹಡಗು ಎಷ್ಟೇ ಹೊಯ್ದಾಡಲಿ, ಮೂವತ್ತು ಜನಕ್ಕೆ ಒಂದು ತೊಟ್ಟು ಸಾರು ಚೆಲ್ಲದಂತೆ ಬಡಿಸುತ್ತಿದ್ದ. ಅಂಥ ಕೈ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಬೆರಳುದ್ದದ ಏಣಿಯೊಂದನ್ನು ಅಂಟಿಸಲಾರದೆ ಸೋಲುತ್ತಿತ್ತು.

ಅವನು ದುಡಿದ ‘ಹಾತ್ಸುಶಿಯೊ ಮಾರು’ ಹಡಗು ಗುಜರಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಅದರ ಕ್ಯಾಪ್ಟನ್ ಕಾತಾಯಾಮಾ ಅವರಿಗೆ ಅಕ್ಟೋಬರಿನಲ್ಲಿ ಎಂಬತ್ತೆಂಟು ತುಂಬುವುದಿತ್ತು. ಜಪಾನಿ ಲಿಪಿಯಲ್ಲಿ ಎಂಬತ್ತೆಂಟನ್ನು ಕೂಡಿಸಿ ಬರೆದರೆ ‘ಅಕ್ಕಿ’ ಎಂದಾಗುತ್ತದೆ; ಹಾಗಾಗಿ ಅದು ಅಕ್ಕಿಯ ವಯಸ್ಸು, ಊರೆಲ್ಲ ಹರಸುವ ವಯಸ್ಸು. ಅಷ್ಟರೊಳಗೆ ಆ ಹಡಗನ್ನೇ ನೂರರಲ್ಲೊಂದು ಅಳತೆಗೆ ಇಳಿಸಿ ಅವರ ಕೈಗಿಡಬೇಕೆಂದು ಇಸಾಕು ಹಟ ತೊಟ್ಟಿದ್ದ. ಕಾರಣವಿತ್ತು. ಒಂದು ಬೆಳಗ್ಗೆ, ಪಾತ್ರೆ ತೊಳೆದ ನೀರು ಚೆಲ್ಲಲು ಹೋಗಿ ಅವನು ಕಡಲಿಗೆ ಬಿದ್ದಿದ್ದ. ಆಗ ಹಡಗಿನ ಮುಂದೆ ಮೀನಿನ ಹಿಂಡು, ಎರಡು ವಾರ ಹುಡುಕಿ ಸಿಕ್ಕಿದ್ದು. ಕ್ಯಾಪ್ಟನ್ ಹಿಂಡನ್ನು ಅದರ ಪಾಡಿಗೆ ಬಿಟ್ಟು ಹಡಗು ತಿರುಗಿಸಿದ್ದರು.

ಜೂನಿನಲ್ಲಿ ಕೆಲಸ ಶುರುವಾಯಿತು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಉಜ್ಜಿ, ಮೊಳದುದ್ದದ ಒಡಲು ಕಟ್ಟುವ ತನಕ ಎಲ್ಲವೂ ಸುಸೂತ್ರ. ತಾಪತ್ರಯ ಹತ್ತಿಕೊಂಡಿದ್ದು ಬಣ್ಣಕ್ಕೆ. ಅವನ ಊರು ಯಾಯಿಜುವಿನಲ್ಲಿ ಮಳೆ ಹಿಡಿದಿತ್ತು. ಅಂಥ ಹವೆಯಲ್ಲಿ ನೀಲಿ ಬಳಿದದ್ದೇ ತಪ್ಪಾಯಿತು. ಒಣಗುವಷ್ಟರಲ್ಲಿ ಒಡಲಿಗೆಲ್ಲ ಹಾಲು ಬಳಿದಂತೆ ಬಿಳಿ ಮಂಕು ಕವಿಯಿತು. ಅದನ್ನು ಉಜ್ಜಿ ತೆಗೆದು, ಬಿಸಿಲು ಕಾದು ಮತ್ತೆ ಬಳಿದ. ಈ ಸಲ ಬಣ್ಣ ನಿಂತಿತು. ಆದರೆ ಕೆಳಗಿನ ಕೆಂಪು ಪಟ್ಟಿಗೆಂದು ಅಂಟಿಸಿದ್ದ ಟೇಪನ್ನು ಕೀಳುವಾಗ, ನೀಲಿಯೂ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಂಡು ಬಂತು.

ಹೆಂಡತಿ ಕಿಕುನೊ ಬಾಗಿಲಲ್ಲಿ ನಿಂತು ನೋಡಿದಳು. "ರೀ, ನಿಜವಾದ ಹಡಗನ್ನೇ ಇಷ್ಟೊತ್ತಿಗೆ ಕಟ್ಟಿ ಮುಗಿಸ್ತಿದ್ರು."

"ಬಾಯ್ಮುಚ್ಚೇ" ಎಂದ. ಆಮೇಲೆ ತಾನೇ ನಕ್ಕ, ಅಳು ಬರುವ ಹಾಗಿತ್ತು.

ಸುಲಿದ ಹಡಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟೇಷನ್ ಹಿಂದಿನ ಮಾಡೆಲ್ ಅಂಗಡಿಗೆ ಹೋದ. ಅಂಗಡಿಯ ತೊಯೊಕೊ ಸೆರಿಜಾವಾ ಎಪ್ಪತ್ತು ದಾಟಿದ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಸುಲಿದ ಜಾಗವನ್ನು ಕನ್ನಡಕದ ಹತ್ತಿರ ಹಿಡಿದು, ನೋಡುವ ಬದಲು ಮೂಸಿದಳು.

"ಉಮೆಹಾರಾ ಅವ್ರೇ, ಬಣ್ಣ ಬಳಿದ ದಿನ ಮಧ್ಯಾಹ್ನ ಊಟಕ್ಕೇನು ಮಾಡಿದ್ರಿ?"

"ಸಿಗಡಿ ಟೆಂಪುರಾ. ಯಾಕೆ?"

"ಕರಿದ ಕೈಯಲ್ಲೇ ಹಡಗು ಮುಟ್ಟಿದೀರಿ. ಬಣ್ಣ ಹಿಡಿದಿರೋದು ಪ್ಲಾಸ್ಟಿಕ್ಕಿಗಲ್ಲ, ನಿಮ್ಮ ಎಣ್ಣೆಗೆ."

ಇಸಾಕುವಿನ ಕಿವಿ ಕೆಂಪಾಯಿತು. "ಬಿಟ್ಟುಬಿಡ್ತೀನಿ ತಾಯಿ. ನನ್ನ ಕೈಗೆ ಇದು ಒಗ್ಗಲ್ಲ."

"ಬಿಡಿ, ಯಾರು ಬೇಡ ಅಂದ್ರು?" ಎಂದಳು ತೊಯೊಕೊ. ಹಾಗೆನ್ನುತ್ತಲೇ ಒಂದು ಬೋಗುಣಿಗೆ ನೀರು ಬಿಟ್ಟು, ಪಾತ್ರೆ ಸೋಪು ಹಾಕಿ, ಹಲ್ಲುಜ್ಜುವ ಹಳೆ ಬ್ರಷ್ಷೊಂದನ್ನು ಅವನ ಕೈಗಿತ್ತಳು. "ಮೊದಲು ತೊಳೀರಿ. ಪಾತ್ರೆ ತೊಳೆಯೋದು ನಿಮಗೆ ಹೇಳಿಕೊಡಬೇಕಾ?"

ಮಳೆ ಮುಗಿದ ಮೇಲೆ ಬಂದ ಆ ಬೇಸಿಗೆಯ ಒಂಬತ್ತು ಗುರುವಾರ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅವನು ಮೂರನೇ ಸಲ ನೀಲಿ ಬಳಿದ. ಅವಳು ಒಮ್ಮೆಯೂ ಬ್ರಷ್ ಕಿತ್ತುಕೊಳ್ಳಲಿಲ್ಲ. ತಪ್ಪಿದಾಗ "ಹೂಂ" ಎನ್ನುವಳು, ಸರಿಯಾದಾಗ ಚಹಾ ತಂದಿಡುವಳು. ಆ ಚಹಾಕ್ಕಾಗಿಯೇ ಇಸಾಕು ದುಡಿದನೆಂದರೂ ಸುಳ್ಳಲ್ಲ.

ಹುಟ್ಟುಹಬ್ಬದ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಶಿಮಿಜುವಿಗೆ ಹೊರಟ. ಕ್ಯಾಪ್ಟನ್ ಅಲ್ಲಿನ ವೃದ್ಧರ ವಸತಿಯಲ್ಲಿದ್ದರು. ಶಿಜುಓಕದಲ್ಲಿ ಜನ ಇಳಿಯುವ ನೂಕಾಟದಲ್ಲಿ ಯಾರದೋ ಚೀಲ ಡಬ್ಬಿಗೆ ಬಡಿಯಿತು. ಚಟ್ ಎಂದು ಸಣ್ಣ ಸದ್ದು. ತೆರೆದು ನೋಡಿದರೆ ನಡುಗಂಬ ಬುಡದಿಂದ ಮುರಿದು ಬಿದ್ದಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಮರಳೋಣವೆಂದು ಎದ್ದು ನಿಂತ. ಆದರೆ ಅಷ್ಟೊಂದು ಗುರುವಾರಗಳು ನೆನಪಾಗಿ ಮತ್ತೆ ಕೂತ.

ಕ್ಯಾಪ್ಟನ್ ಕಿಟಕಿಯ ಪಕ್ಕ, ಎಂಬತ್ತೆಂಟು ತುಂಬಿದವರಿಗೆ ತೊಡಿಸುವ ಹಳದಿ ಅಂಗಿ ತೊಟ್ಟು ಕೂತಿದ್ದರು. ದೃಷ್ಟಿ ಮಂದವಾಗಿದೆಯೆಂದು ಅವರ ಮಗಳು ಫೋನಿನಲ್ಲಿ ಹೇಳಿದ್ದಳು. ಪೂರ್ತಿ ಹೋಗಿದೆ ಎಂದು ಇಸಾಕುವಿಗೆ ಗೊತ್ತಾದದ್ದು, ಅವರು ಅವನ ಮುಖದ ಬದಲು ಅವನ ದನಿಯ ಕಡೆ ಕಿವಿ ತಿರುಗಿಸಿದಾಗ. ನಾಲ್ಕು ತಿಂಗಳ ನೀಲಿ ಅವನ ಎದೆಯಲ್ಲಿ ಕಲ್ಲಾಯಿತು.

"ಯಜಮಾನ್ರೇ, ಹಡಗು ತಂದಿದೀನಿ. ಆದ್ರೆ ಕಂಬ ಮುರಿದಿದೆ. ರೈಲಲ್ಲಿ."

"ಕಡಲಲ್ಲಿ ಮುರೀದೇ ಇದ್ದ ಕಂಬ ರೈಲಲ್ಲಿ ಮುರೀತಾ?" ಮುದುಕ ಗಹಗಹಿಸಿ ನಕ್ಕರು. "ಕೊಡೋ ಇಲ್ಲಿ."

ಬೆರಳುಗಳು ಮೂತಿಯಿಂದ ಹೊರಟವು. ಅಂಚಿನ ಕಟಕಟೆ ದಾಟಿದವು, ಏಣಿ ಹತ್ತಿದವು, ಚುಕ್ಕಾಣಿ ಕೋಣೆಯ ಮಾಡು ಸವರಿದವು. ಇಸಾಕು ಆ ಬೆರಳುಗಳನ್ನೇ ನೋಡುತ್ತಿದ್ದ.

"ಬಣ್ಣ?"

"ನಮ್ಮ ನೀಲಿನೇ. ಮೂರು ಸಲ ಬಳಿದೆ, ಮೊದಲೆರಡು ಕೆಟ್ಟೋಯ್ತು."

"ಹಾಗಾದ್ರೆ ನಮ್ಮ ಕಂಪನಿ ಬಳಿಸಿದ್ದಕ್ಕಿಂತ ನಿಂದೇ ಜಾಸ್ತಿ ಆಯ್ತು. ಎಲ್ಲಿ, ಅಂಟು ತಂದಿದೀಯಾ?"

ತಂದಿದ್ದ. ಬುಡಕ್ಕೆ ಅಂಟು ಹಚ್ಚಿ ಕಂಬ ನೆಟ್ಟರೆ, ಅದು ವಾಲಿತು. ಮತ್ತೆ ನೆಟ್ಟ, ಮತ್ತೆ ವಾಲಿತು. ಆಗ ಕ್ಯಾಪ್ಟನ್ ಕೈ ಚಾಚಿ ತಡವಿ, ಹೆಬ್ಬೆರಳು ತೋರುಬೆರಳ ನಡುವೆ ಕಂಬವನ್ನು ಹಿಡಿದರು. ಅರವತ್ತು ವರ್ಷ ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ಕಾಲಲ್ಲೇ ಅರಿತಿದ್ದ ಮನುಷ್ಯ, ಈಗ ಬೆರಳಲ್ಲಿ ಅರಿತರು.

"ಎಷ್ಟೊತ್ತು ಹಿಡೀಬೇಕು?"

"ಹತ್ತು ನಿಮಿಷ ಯಜಮಾನ್ರೇ. ಅಲ್ಲಾಡಬಾರ್ದು."

"ನನ್ನ ಹಡಗಲ್ಲಿ ನನಗೇ ಅಪ್ಪಣೆ ಕೊಡ್ತೀಯಾ? ಆಯ್ತು, ಅಷ್ಟೊತ್ತು ಮಾತಾಡು."

ಇಸಾಕು ಅಂಟಿನ ಮುಚ್ಚಳ ಹಾಕಿದ. "ಆವತ್ತು ಮೀನು ಬಿಟ್ಟು ತಿರುಗಿಸಿದ್ರಲ್ಲ, ಅದಕ್ಕೆ..." ಎಂದಷ್ಟೇ ಅಂದ.

"ನೀನು ಮುಳುಗಿದ್ರೆ ಮಧ್ಯಾಹ್ನದ ಅನ್ನ ಯಾರು ಬೇಯಿಸ್ತಿದ್ರೋ?" ಎಂದರು ಮುದುಕ. ಕಂಬ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಆಮೇಲೆ ಬಿಡುವಿದ್ದ ಕೈಯಿಂದ ಕಟಕಟೆ ಮುಟ್ಟುತ್ತ, ಗಾಳ ಹಿಡಿದು ಯಾರ‍್ಯಾರು ಎಲ್ಲಿ ನಿಲ್ಲುತ್ತಿದ್ದರೆಂದು ಒಬ್ಬೊಬ್ಬರನ್ನೇ ಹೆಸರಿಸಿದರು. ಪಕ್ಕದ ಕೋಣೆಯ ಅಜ್ಜಿಯರಿಬ್ಬರು ಬಂದು ಕೂತು ಕೇಳಿದರು. ಹತ್ತು ನಿಮಿಷ ಯಾವಾಗಲೋ ಕಳೆದಿತ್ತು. ಅಂಟು ಹಿಡಿದಿದೆಯೆಂದು ಹೇಳಲು ಇಸಾಕುವಿಗೆ ಮನಸ್ಸೇ ಬರಲಿಲ್ಲ. ಕಂಬ ಮುರಿಯದಿದ್ದರೆ ಡಬ್ಬಿ ಕೊಟ್ಟು, ನಮಸ್ಕರಿಸಿ, ಮುಂದಿನ ರೈಲಿಗೆ ಹೊರಟುಬಿಡುತ್ತಿದ್ದೆನಲ್ಲ ಎಂದುಕೊಂಡ. ಡಬ್ಬಿಗೆ ಚೀಲ ತಾಗಿಸಿದ, ಮುಖ ಕೂಡ ಕಾಣದ ಆ ಪ್ರಯಾಣಿಕನನ್ನು ಮನಸ್ಸಿನಲ್ಲೇ ಹರಸಿದ.

ಹೊರಡುವಾಗ ಕ್ಯಾಪ್ಟನ್ ಕೇಳಿದರು: "ಮುಂದಿನ ವಾರ ಬರ್ತೀಯಾ? ನಿನ್ನ ಅಡುಗೆಮನೆ ಕಿಟಕಿ ಒಂದು ಕಮ್ಮಿ ಇದೆ ಕಣೋ. ಮೂರು ಇತ್ತು."

ಎರಡೇ ಇದ್ದವೆಂದು ಇಸಾಕುವಿಗೆ ಖಾತ್ರಿಯಿತ್ತು. ಆದರೂ "ಹೌದು ಯಜಮಾನ್ರೇ, ಮರೆತಿದ್ದೆ. ಬಂದು ಕೊರೀತೀನಿ" ಎಂದ.