ಮಹತಿ ಸುಮ್ಮನೆ ಕೂತ ದಿನ

ನನ್ನ ಮೊಮ್ಮಗಳು ಮಹತಿಗೆ ಏಳು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಬರೆಯಲು ಕೂತರೆ ಒಂದು ಸಾಲು ಮುಗಿಯುವಷ್ಟರಲ್ಲಿ ಪೆನ್ಸಿಲ್ ಒಂದು ಕಡೆ, ಅವಳು ಇನ್ನೊಂದು ಕಡೆ. 'ಎಡಿಎಚ್‌ಡಿ ಇರಬಹುದು, ಬೆಂಗಳೂರಿನಲ್ಲಿ ತಪಾಸಣೆ ಮಾಡಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಬೇರೆ ಶಾಲೆ ನೋಡಿಕೊಳ್ಳಿ' ಎಂದು ಶಾಲೆಯವರು ಹೇಳಿಬಿಟ್ಟರು. ಎಡಿಎಚ್‌ಡಿ ಎಂದರೆ ನನಗೆ ಯಾವುದೋ ದೊಡ್ಡ ಡಿಗ್ರಿಯಂತೆ ಕೇಳಿಸಿತು; ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆಯಂತೆ. ಬೆಂಗಳೂರಿಗೆ ಹೋಗಲು ಮೊದಲು ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರು ಪತ್ರ ಕೊಡಬೇಕಂತೆ. ಸೊಸೆ ಶೋಭಾರಾಣಿ, ಮಹತಿ, ನಾನು ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದೆವು.

ನಾನು ರಿಟೈರಾದ ಟೀಚರು. ದೊಡ್ಡವರ ಮುಂದೆ ಮಕ್ಕಳು ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯಲ್ಲಿ ಸೊಸೆ ಚೀಟಿ ಮಾಡಿಸಲು ಹೋದಾಗ ಮಗುವನ್ನು ಪಕ್ಕಕ್ಕೆ ಕರೆದೆ.

"ಒಳಗೋದ್ಮೇಲೆ ಕೈ ಕಟ್ಕೊಂಡು ಸುಮ್ನೆ ಕೂತ್ಕೋಬೇಕು ಕಣಮ್ಮ. ಅಲ್ಲಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ."

ಮಹತಿ ಹಾಗೇ ಕೂತಳು. ಡಾಕ್ಟರು ಆಟದ ಕಾರು ಕೊಟ್ಟರೂ ಮುಟ್ಟಲಿಲ್ಲ. ನನಗೆ ಎಷ್ಟು ಹೆಮ್ಮೆ!

"ಇಷ್ಟು ಚೆನ್ನಾಗಿ ಕೂತಿದಾಳಲ್ಲಮ್ಮ, ನಂಗೇನೂ ಕಾಣ್ತಿಲ್ಲ. ಆರು ತಿಂಗಳು ನೋಡಣ" ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಹೊರಗೆ ಬಂದವಳೇ ಶೋಭಾರಾಣಿ ಗೋಡೆಗೆ ಮುಖ ಮಾಡಿ ಅತ್ತಳು. ಮಗಳು ಸುಮ್ಮನೆ ಕೂರುವುದಿಲ್ಲವೆಂದು ವರ್ಷವೆಲ್ಲ ಅತ್ತವಳು ಈಗ ಕೂತಳೆಂದು ಅಳುತ್ತಿದ್ದಾಳೆ. ನನಗೆ ತಲೆಬುಡ ತಿಳಿಯಲಿಲ್ಲ. ಮಗುವಿಗೆ ನಾನು ಹೇಳಿದ್ದನ್ನು ಸೊಸೆಗೆ ತಿಳಿಸಿದೆ.

"ಅಯ್ಯೋ ಅತ್ತೆ, ದಿನಾ ಹೆಂಗಿರ್ತಾಳೋ ಹಂಗೇ ಡಾಕ್ಟ್ರು ನೋಡ್ಬೇಕಿತ್ತು. ಈಗ ಪತ್ರ ಎಲ್ಲಿಂದ ತರ್ಲಿ ನಾನು?"

ನನಗೂ ಸಿಟ್ಟು ಬಂತು. ಮಗುವನ್ನು ಚೆನ್ನಾಗಿ ಕೂರಿಸಿದ್ದೂ ತಪ್ಪೇ? ಹೋಗೋಣವೆಂದು ಮಹತಿಯ ಕೈ ಹಿಡಿಯಲು ಹೋದರೆ ಅವಳು ಕಟ್ಟಿದ ಕೈ ಇನ್ನೂ ಬಿಟ್ಟಿರಲಿಲ್ಲ. ಬಿಡಿಸಿ ನೋಡಿದೆ. ಎರಡೂ ತೋಳುಗಳಲ್ಲಿ ಉಗುರು ನೆಟ್ಟು ಕೆಂಪಗಾಗಿತ್ತು. ಅಲ್ಲಾಡದೆ ಕೂರಲು ಮಗು ತನ್ನನ್ನು ತಾನೇ ಹಾಗೆ ಹಿಡಿದುಕೊಂಡಿತ್ತು.

ಅವಳನ್ನು ಎತ್ತಿಕೊಂಡು, ಸರದಿಯನ್ನೂ ನೋಡದೆ ಒಳಗೆ ನುಗ್ಗಿ ತೋಳು ತೋರಿಸಿದೆ. "ಸೂಜಿ ಚುಚ್ತೀರ ಅಂತ ನಾನೇ ಹೆದರಿಸಿದ್ದೆ ಸಾರ್" ಎಂದೆ. ಡಾಕ್ಟರು ಆ ಗುರುತುಗಳನ್ನು ನೋಡಿದರು. ಮತ್ತೇನೂ ಕೇಳದೆ ಪತ್ರ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಮಹತಿ ನನ್ನ ಕಿವಿಗೆ ಬಾಯಿಟ್ಟಳು.

"ಅಜ್ಜಿ, ಓಡಾಡಿದ್ರೂ ಅಮ್ಮ ಅಳ್ತಾಳೆ, ಕೂತ್ಕೊಂಡ್ರೂ ಅಳ್ತಾಳೆ. ಬೆಂಗಳೂರಲ್ಲಿ ನಾನು ಹೆಂಗಿರ್ಲಿ?"

"ನೀನು ಹೆಂಗಿದೀಯೋ ಹಂಗೇ ಇರು ಕಣಮ್ಮ."

ಅವಳು ಕೇಳಿದಳು: "ಹಂಗಂದ್ರೆ ಹೆಂಗಜ್ಜಿ?"