ಗುಮ್ಮ ಅಂದರೆ ಯಾವ ಗುಮ್ಮ

ಲಕ್ವ ಹೊಡೆದ ಮೇಲೆ ಅಕ್ಕನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಗುಮ್ಮ. ನೀರು ಬೇಕಾದರೂ ಗುಮ್ಮ, ದಿಂಬು ಸರಿಸಬೇಕಾದರೂ ಗುಮ್ಮ. ಭಾವನನ್ನು ಕರೆಯುವುದೂ ಹಾಗೆಯೇ. "ಇಷ್ಟು ವರ್ಷ ಮನಸ್ಸಲ್ಲಿ ಅಂದ್ಕೊಂಡಿದ್ದನ್ನ ಈಗ ಬಾಯ್ಬಿಟ್ಟು ಹೇಳ್ತಿದ್ದಾಳೆ ನೋಡು," ಎಂದು ಭಾವ ಮೊದಮೊದಲು ನಗಿಸುತ್ತಿದ್ದರು. ಆಮೇಲೆ ಆ ತಮಾಷೆಯನ್ನೂ ಬಿಟ್ಟರು.

ನನಗೆ ಮಾತ್ರ ಆ ಮಾತು ಕೇಳಿ ಖುಷಿಯಾಗಿತ್ತು. ಖುಷಿಯಾಗಿತ್ತು ಎಂದು ಬರೆಯಲು ಈಗ ಕೈ ಬರುವುದಿಲ್ಲ, ಆದರೆ ಆಗಿದ್ದು ಅದೇ. ಯಾಕೆಂದರೆ ಗುಮ್ಮ ನಮ್ಮಿಬ್ಬರ ಗುಟ್ಟಿನ ಮಾತು.

ಅಕ್ಕ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಭಾನುವಾರ ಬೆಳಗಿನ ಆಟಕ್ಕೆ ಅಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಹಾಕುತ್ತಿದ್ದರು. ಕೆರೆಯಿಂದೆದ್ದು ಬರುವ ಮೀನುಮೈಯವನು, ಬಟ್ಟೆ ಸುತ್ತಿದ ಹೆಣ, ಬೆನ್ನ ಮೇಲೆ ಜಿಪ್ ಕಾಣುವ ರಬ್ಬರ್ ಹಲ್ಲಿ. ಅಮ್ಮನಿಗೆ ಗೊತ್ತಾಗಿದ್ದರೆ ಇಬ್ಬರ ಚರ್ಮವನ್ನೂ ಸುಲಿಯುತ್ತಿದ್ದಳು. ಅದಕ್ಕೇ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು, ಅಮ್ಮನ ಬೆನ್ನ ಹಿಂದಿನಿಂದ ತುಟಿಯಲ್ಲೇ "ಗುಮ್ಮ?" ಎಂದು ಕೇಳುವಳು. ನಾನು ಚಪ್ಪಲಿ ಹುಡುಕುವೆ. ಬಾಡಿಗೆ ಪುಸ್ತಕದಂಗಡಿಯ ದೆವ್ವದ ಕಾದಂಬರಿಗಳಿಗೆ ನನ್ನ ಗಣಿತ ಪುಸ್ತಕದ ರಟ್ಟು ಹಾಕಿ ಓದಿಸಿದವಳೂ ಅವಳೇ. ಗಣಿತ ಎಕ್ಕುಟ್ಟಿ ಹೋಯಿತು, ಹೊಟ್ಟೆಪಾಡು ಸಿಕ್ಕಿತು. ಇವತ್ತು ಜನ ನನ್ನನ್ನು ಭಯದ ಕಥೆಗಳ ದೊಡ್ಡ ಲೇಖಕಿ ಎನ್ನುತ್ತಾರೆ. ಭಾವ ದೆವ್ವದ ರಾಣಿ ಎನ್ನುತ್ತಾರೆ.

ಹಾಗಾಗಿ ಮಂಚದ ಮೇಲೆ ಮಲಗಿದ್ದ ಅಕ್ಕ ನನ್ನ ಮುಖ ನೋಡಿ "ಗುಮ್ಮ" ಎಂದಾಗ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಬೇರೆಯವರ ಹತ್ತಿರ ನೀರು ಕೇಳಿದವಳು ನನ್ನ ಹತ್ತಿರ ಸಿನಿಮಾ ಕೇಳುತ್ತಿದ್ದಾಳೆ ಎಂದೇ ನಂಬಿದೆ. ಊರೆಲ್ಲ ಅಲೆದು ಆ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ತಂದೆ. ಅವಳ ಕಾಲದೆಸೆಯಲ್ಲಿದ್ದ ಬೀರುವಿನ ಮೇಲೆ ಟಿವಿ ಇಟ್ಟು, ಕಿಟಕಿಯ ಪರದೆ ಎಳೆದು, ಮಧ್ಯಾಹ್ನದ ಬೆಳಕನ್ನೂ ಕತ್ತಲು ಮಾಡಿದೆ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತೆ.

ಮೀನುಮೈಯವನು ನೀರಿನಿಂದ ಕೈ ಹೊರಚಾಚಿದ. ಅಕ್ಕ "ಗುಮ್ಮ! ಗುಮ್ಮ!" ಎಂದಳು. ಕಣ್ಣಲ್ಲಿ ನೀರು ಬಂತು. ಆ ಬಡಪಾಯಿ ರಾಕ್ಷಸರು ಸಾಯುವಾಗ ಅವಳು ಯಾವಾಗಲೂ ಅಳುತ್ತಿದ್ದಳಲ್ಲ ಎಂದು ನಾನು ಶಬ್ದ ಇನ್ನಷ್ಟು ಜೋರು ಮಾಡಿದೆ. ಸರಿಯಿದ್ದ ಎಡಗೈಯಿಂದ ಮಂಚದ ಕಂಬಿಯನ್ನು ಪಟಪಟ ಬಡಿದಳು. ನಾನು ಅದನ್ನು ಚಪ್ಪಾಳೆ ಎಂದುಕೊಂಡೆ. ದಿನಾ ಮಧ್ಯಾಹ್ನ ಹೀಗೇ ನಡೆಯಿತು.

ಅಕ್ಕನಿಗೆ ಮಾತು ಕಲಿಸಲು ಬರುವ ಮೇಡಂ ಒಂದು ದಿನ ಬೇಗ ಬಂದರು. ಬಾಗಿಲಲ್ಲೇ ನಿಂತು ಮೊದಲು ಟಿವಿ ನೋಡಿದರು, ಆಮೇಲೆ ಅಕ್ಕನನ್ನು.

"ಯಾರು ಹಾಕಿದ್ದು ಇದನ್ನ?"

"ನಾನೇ. ಅವಳೇ ಕೇಳಿದ್ಳು."

"ಏನಂತ ಕೇಳಿದ್ರು?"

"ಗುಮ್ಮ ಅಂತ. ಚಿಕ್ಕಂದಿನಲ್ಲಿ ನಾವು ಈ ಸಿನಿಮಾಗಳಿಗೆ ಹಾಗೇ ಅಂತಿದ್ವಿ."

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳ ಆಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. "ನನ್ನನ್ನೂ ಅವರು ಹಾಗೇ ಕರೆಯೋದು," ಎಂದರು. "ಬೇಡ ಅನ್ನೋಕೂ ಅವರ ಹತ್ರ ಇರೋದು ಅದೊಂದೇ ಮಾತು. ನಿಲ್ಲಿಸು ಅನ್ನೋಕೂ ಅದೇ."

ಹೋದಲ್ಲೆಲ್ಲ ಭಾಷಣ ಬಿಗಿದವಳು ನಾನು: ಹಳೆಯ ಚಿತ್ರಗಳ ರಾಕ್ಷಸ ಕೆಟ್ಟವನಲ್ಲ, ಅವನಿಗೆ ಮಾತು ಬರುವುದಿಲ್ಲ ಅಷ್ಟೇ, ಅವನು ನೀರು ಎಂದರೆ ಊರಿನವರು ಕೊಲ್ಲುತ್ತೇನೆ ಎಂದು ಕೇಳಿಸಿಕೊಂಡು ಪಂಜು ಹಿಡಿದು ಬರುತ್ತಾರೆ, ಅದಕ್ಕೇ ಅವನೆಂದರೆ ನನಗೆ ಪ್ರಾಣ. ಜನ ಚಪ್ಪಾಳೆ ತಟ್ಟಿದ್ದರು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ.

"ಅಕ್ಕಾ," ಎಂದೆ. "ಸಿನಿಮಾ ಬೇಡ್ವಾ? ಬೇಡ ಅಂದ್ರೆ ತಲೆ ಆಡಿಸು."

ಅಕ್ಕ ತಲೆಯಾಡಿಸಿದಳು.

"ಬೇಕಾ?"

ಅದಕ್ಕೂ ಆಡಿಸಿದಳು.

"ಹೌದು, ಇಲ್ಲ ಎರಡೂ ಅದಲುಬದಲಾಗ್ತಿದೆ ಅವರಿಗೆ," ಎಂದರು ಮೇಡಂ. "ತಲೆ ಆಡಿಸಿದ್ರೂ ಸದ್ಯಕ್ಕೆ ನಂಬೋ ಹಾಗಿಲ್ಲ."

"ಯಾವಾಗ ಸರಿಹೋಗತ್ತೆ?"

"ಹೋಗಬಹುದು. ಹೋಗದೇನೂ ಇರಬಹುದು. ಸುಳ್ಳು ಹೇಳಲ್ಲ."

ಅವರು ಟಿವಿಯ ಶಬ್ದ ಅಡಗಿಸಿ, ಪಾಠ ಮುಗಿಸಿ ಹೋದ ಮೇಲೆ ನಾನು ಪರದೆ ಸರಿಸಿ, ಟಿವಿ ಆರಿಸಿದೆ. ಇನ್ನು ಈ ದರಿದ್ರ ಬೇಡವೇ ಬೇಡ ಎಂದು ತಂತಿಯನ್ನೂ ಕಿತ್ತೆ. ಅಕ್ಕ ಟಿವಿಯ ಕಪ್ಪು ಪರದೆಯನ್ನೇ ನೋಡಿದಳು. "ಗುಮ್ಮ," ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ. ಕಂಬಿ ಬಡಿದಳು. ಕಣ್ಣಲ್ಲಿ ನೀರು ಹರಿಯಿತು, ಥೇಟ್ ಸಿನಿಮಾ ನಡೆಯುವಾಗ ಹರಿದ ಹಾಗೆಯೇ.

ಹಾಲಿನ ಲೋಟ ಹಿಡಿದು ಭಾವ ಓಡಿ ಬಂದರು. "ಯಾಕೆ ಆರಿಸಿದೆ? ಹಾಕು, ಹಾಕು! ಅದೊಂದಾದ್ರೂ ನೋಡ್ಕೊಂಡು ಇರ್ತಾಳೆ."

ತಂತಿ ಸಿಕ್ಕಿಸಿ ಹಾಕಿದೆ. ಅಕ್ಕ "ಗುಮ್ಮ, ಗುಮ್ಮ" ಎಂದು ಅತ್ತಳು.

"ಆರಿಸು ಹಾಗಾದ್ರೆ," ಎಂದರು ಭಾವ. ಆರಿಸಿದೆ. ಅತ್ತಳು.

ಭಾವ ಲೋಟವನ್ನು ಕಿಟಕಿಯಲ್ಲಿಟ್ಟರು. "ನಿನಗೂ ಗೊತ್ತಾಗ್ತಿಲ್ವಾ? ನೀವಿಬ್ರೂ ಒಂದೇ ಜೀವ ಅಂತಿದ್ಳು. ನನಗೆ ಅರ್ಥ ಆಗ್ದಿದ್ರೆ ನೀನು ಬಂದು ಹೇಳ್ತೀಯ ಅಂತ ಧೈರ್ಯವಾಗಿದ್ದೆ."

"ಗೊತ್ತಾಗ್ತಿಲ್ಲ ಭಾವ," ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೂ ಅಳು ಬಂತು.

ಎದ್ದು ಮುಖ ತೊಳೆದುಕೊಳ್ಳೋಣ ಎಂದು ಹೊರಟೆ. ಅಕ್ಕ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದು, ನನ್ನ ಮುಖವನ್ನೇ ನೋಡುತ್ತ, ಆ ಮಾತನ್ನೇ ಹೇಳಿದಳು. ಹೋಗಬೇಡ ಎಂದಿರಬಹುದು. ನನ್ನ ಮನೆಗೆ ಮತ್ತೆ ಬರಬೇಡ ಎಂದೂ ಇರಬಹುದು. ನಾನು ಅವಳ ಪಕ್ಕ ಕೂತೆ, ಯಾಕೆಂದರೆ ಹೋಗಬೇಡ ಎನ್ನುವುದೇ ನನಗೆ ಬೇಕಾಗಿತ್ತು.