ಮುಂಬಾಗಿಲ ಬೆಳವ

ನಮ್ಮ ಕಾನ್ಸಸ್ ಕಡೆ ಮುಂಬಾಗಿಲನ್ನು ಯಾರೂ ಬಳಸುವುದಿಲ್ಲ. ಪಾದ್ರಿ ಬಂದರೆ, ಹೆಣ ಹೊರಟರೆ ಮಾತ್ರ ಅದು ತೆರೆಯುತ್ತದೆ. ಉಳಿದವರೆಲ್ಲ ಹಿಂದಿನಿಂದ ಅಡುಗೆಮನೆಗೇ ನುಗ್ಗುತ್ತಾರೆ. ಹಾಗಾಗಿ ಕ್ರಿಸ್‌ಮಸ್‌ಗೆ ಬಾಗಿಲಿಗೆ ಕಟ್ಟಿದ್ದ ಪೈನ್ ರೆಂಬೆಗಳ ದುಂಡು ಹಾರ ಏಪ್ರಿಲ್‌ವರೆಗೂ ಅಲ್ಲೇ ಒಣಗುತ್ತಿತ್ತು. ತಪ್ಪು ನನ್ನದೇ.

ಫೆಬ್ರವರಿಯಲ್ಲಿ ಅಮ್ಮ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಪಟ್ಟಣದ ಆರೈಕೆ ಮನೆಯಲ್ಲಿದ್ದಳು. ಗಾಲಿಕುರ್ಚಿ ಹಿಂಬಾಗಿಲ ಆರು ಮೆಟ್ಟಿಲು ಹತ್ತುವುದಿಲ್ಲವೆಂದು ಮುಂದಿನ ಜಗಲಿಗೆ ಹಲಗೆಯ ಇಳಿಜಾರು ಕಟ್ಟಿದೆ. ಕೊನೆಯ ಮೊಳೆ ಹೊಡೆದು ತಲೆಯೆತ್ತಿದರೆ ಹಾರದೊಳಗೆ ಬೆಳವ ಹಕ್ಕಿ! ಸತ್ತವರ ಮನೆಯವರಂತೆ ದಿನವಿಡೀ ಗೋಳಿಡುವ ಜಾತಿಯದು. ಹತ್ತು ಕಡ್ಡಿ ಅಡ್ಡಾದಿಡ್ಡಿ ಇಟ್ಟು ಅದನ್ನೇ ಗೂಡು ಅಂದುಕೊಂಡಿತ್ತು. ಸಂದಿಯಲ್ಲಿ ಎರಡು ಮೊಟ್ಟೆ ಕಾಣುತ್ತಿದ್ದವು; ಬಾಗಿಲು ತೆರೆದರೆ ಬಿದ್ದೇ ಹೋಗುತ್ತಿದ್ದವು.

"ಮುಟ್ಟಿದ್ರೆ ನೋಡು," ಎಂದಳು ಹೆಂಡತಿ ನಡೀನ್. "ಗೂಡು ಕೀಳಬಾರದಂತ ಕಾನೂನಿದೆ."

"ಸೆಪ್ಟೆಂಬರ್‌ನಲ್ಲಿ ಬೇಟೆ ಶುರುವಾದ್ರೆ ಇದನ್ನೇ ಹೊಡೆದು ತಿನ್ತೀವಲ್ಲ, ಆಗ ಎಲ್ಲಿ ಹೋಗುತ್ತೆ ನಿನ್ನ ಕಾನೂನು?"

"ಈಗ ಏಪ್ರಿಲ್."

ಅಮ್ಮನಿಗೆ ಫೋನ್ ಮಾಡಿದೆ. "ಗೂಡು ಕಿತ್ತು ಹಾಕಿದ ಬಾಗಿಲಲ್ಲಿ ನಾನು ಬರಲ್ಲ ಕಣೋ ಡೆಲ್ಬರ್ಟ್. ಒಂದು ತಿಂಗಳು ತಾನೇ? ಕಾಯ್ತೀನಿ."

ಮಾತು ಗಟ್ಟಿಯಾಗಿತ್ತು. ಆದರೆ ಪ್ರತಿ ಭಾನುವಾರ ಹೋದಾಗಲೂ ಇನ್ನಷ್ಟು ಸೊರಗಿರುತ್ತಿದ್ದಳು. ಅಲ್ಲಿನ ಊಟ ಮುಟ್ಟುತ್ತಿರಲಿಲ್ಲ. ನಡೀನ್ ಕಳಿಸಿದ, ಎಲೆಕೋಸು ಮಾಂಸ ತುಂಬಿದ ಬನ್ನನ್ನೂ ಕಚ್ಚಿ ಬಿಟ್ಟಳು. "ಮನೇಲಿ ನನ್ನ ಕಿಟಕಿ ಹತ್ರ ಕೂತ್ರೆ ಸೇರುತ್ತೆ," ಎಂದಳು.

ಮೇ ತಿಂಗಳ ಒಂದು ಶುಕ್ರವಾರ ಮರಿಗಳು ಹಾರಿದವು. ನಾಳೆಯೇ ಕರೆದೊಯ್ಯುತ್ತೇನೆಂದು ಆರೈಕೆ ಮನೆಗೆ ಹೇಳಿದೆ. ಹಾರವನ್ನು ಆಗಲೇ ಕಿತ್ತೆಸೆಯಬೇಕಿತ್ತು. ಬೆಳಿಗ್ಗೆ ನೋಡೋಣ ಎಂದು ಬಿಟ್ಟೆ. ಬೆಳಿಗ್ಗೆ ಹೋದರೆ ಅದೇ ಹಕ್ಕಿ, ಅದೇ ಕಡ್ಡಿ, ಅಡಿಯಲ್ಲಿ ಹೊಸ ಮೊಟ್ಟೆ.

"ನಿನಗೆ ಬೇರೆ ಕೆಲಸ ಇಲ್ವೇನೇ?" ಎಂದು ಹಕ್ಕಿಯ ಮೇಲೇ ಕೂಗಾಡಿದೆ. ಅದು ಕಣ್ಣು ಪಿಳಿಪಿಳಿ ಬಿಟ್ಟಿತು, ಏಳಲಿಲ್ಲ.

ಇನ್ನೊಂದು ತಿಂಗಳು ಅಮ್ಮ ತಡೆಯುವವಳಲ್ಲ. ಗರಗಸ ತಂದೆ. ಜಗಲಿಯ ಆ ತುದಿಯಲ್ಲಿ ಅಮ್ಮನ ಕಿಟಕಿ. ಚೌಕಟ್ಟು ಕಿತ್ತು, ಕೆಳಗಿನ ಮರದ ಗೋಡೆಯನ್ನು ನೆಲದವರೆಗೂ ಕೊಯ್ದೆ.

"ಹುಚ್ಚು ಹಿಡೀತಾ? ನನ್ನ ಗೋಡೆ!" ನಡೀನ್ ಚೀರಿದಳು.

"ಗೋಡೆಗೆ ಕಾನೂನಿಲ್ಲ!"

ಸಂಜೆ ಅಮ್ಮನನ್ನು ಕರೆತಂದು, ಇಳಿಜಾರು ಹತ್ತಿಸಿ, ಆ ಕಂಡಿಯಿಂದ ಒಳಗೆ ತಳ್ಳಿದೆ.

"ನಿಮ್ಮಪ್ಪನ್ನ ಮೀರಿಸಿಬಿಟ್ಟೆ ಕಣೋ. ಕೋಪ ಬಂದ್ರೆ ಅವನು ಗೋಡೆಗೆ ಬರೀ ಗುದ್ದುತಿದ್ದ," ಎಂದು ನಕ್ಕಳು. ಆಮೇಲೆ ಸುತ್ತ ನೋಡಿದಳು. "ಅಲ್ವೋ, ನನ್ನ ಕಿಟಕಿ ಎಲ್ಲಿ?"

ನಾನು ಗರಗಸವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ನಡೀನ್ ಎರಡು ಬಿಸಿ ಬನ್ನು ತಂದು ಅವಳ ಮಡಿಲಲ್ಲಿಟ್ಟಳು. ಅಮ್ಮ ಆ ಕಂಡಿಯೆದುರೇ ಕೂತು ಎರಡನ್ನೂ ತಿಂದಳು.